ಮೂರು ಗೇಣಿನ ಹ್ಯಾಂಡಲ್

ಹಾಲವ್ವ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ಪರಮೇಶಪ್ಪ ಸಾಹುಕಾರನ ಸೈಕಲ್ಲು ಒರೆಸುತ್ತಿದ್ದಳು. ಮೊದಲು ಗಾಲಿಯ ಕಡ್ಡಿಗಳು, ಆಮೇಲೆ ಚೈನಿನ ಡಬ್ಬಿ, ಆಮೇಲೆ ಹಿತ್ತಾಳೆಯ ಗಂಟೆ. ಅಪ್ಪ ಮಹಾಲಿಂಗಪ್ಪ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ಸವಣೂರಿನ ಆ ಸೈಕಲ್ ಅಂಗಡಿಯಲ್ಲಿ ತಂದೆ ಮಗಳ ನಡುವೆ ಮಾತು ಮೊದಲೇ ಕಡಿಮೆ. ಈ ಸೈಕಲ್ಲು ಬಂದ ದಿನ ಅದೂ ಇರುತ್ತಿರಲಿಲ್ಲ.

ಕೊನೆಗೆ ಹ್ಯಾಂಡಲಿನ ಹಿಡಿಕೆಗಳು ಉಳಿದವು. ಎರಡರ ತುದಿಗೂ ಸುಣ್ಣ ಮೆತ್ತಿತ್ತು. ಹೋದ ತಿಂಗಳೂ ಹೀಗೇ ಇತ್ತು, ಅದರ ಹಿಂದಿನ ತಿಂಗಳೂ. ಒಂದು ಬದಿಗೆ ಮಾತ್ರ ಹತ್ತಿದ್ದರೆ ಗೋಡೆಗೆ ಒರಗಿಸಿದ್ದ ಎನ್ನಬಹುದಿತ್ತು. ಎರಡೂ ಬದಿಗೆ ಹತ್ತಬೇಕಾದರೆ ಎರಡು ಗೋಡೆ ಬೇಕು, ನಡುವೆ ಸೈಕಲ್ಲು ತೂರುವಷ್ಟೇ ಜಾಗ ಇರಬೇಕು. ಊರಿನಲ್ಲಿ ಅಂಥ ಸಂದಿ ಒಂದೇ. ಖಾರಾ ಕರಿಯುವ ಚನ್ನವೀರಪ್ಪನ ಅಂಗಡಿಯ ಮಗ್ಗುಲಲ್ಲಿ ಅದು ಇಪ್ಪತ್ತು ಹೆಜ್ಜೆ ಒಳಗೆ ಹೋಗಿ ಸರಕು ತುಂಬಿಡುತ್ತಿದ್ದ ಹಳೆಯ ವಖಾರಿಯ ಬಾಗಿಲಿಗೆ ಮುಗಿಯುತ್ತಿತ್ತು. ವಖಾರಿಯಲ್ಲಿ ಮಧ್ಯಾಹ್ನ ಊರು ಮಲಗಿದ ಹೊತ್ತಿಗೆ ಹಣ ಕಟ್ಟಿ ಆಡುವ ಇಸ್ಪೀಟು ನಡೆಯುತ್ತಿತ್ತು. ಪರಮೇಶಪ್ಪ ಮನೆಯಲ್ಲಿ ಎಲೆಬಳ್ಳಿ ತೋಟಕ್ಕೆ ಹೋಗುತ್ತೇನೆಂದು ಹೇಳಿ ಬರುತ್ತಿದ್ದ. ಸೈಕಲ್ಲನ್ನು ಸೀಟು ಹಿಡಿದು ಹಿಂದಿನಿಂದ ದೂಡುತ್ತ ಸಂದಿಯ ಒಳಗೆ ಒಯ್ದುಬಿಡುತ್ತಿದ್ದ. ಬೀದಿಯಲ್ಲಿ ನಿಂತವರಿಗೆ ಆತನೂ ಕಾಣುತ್ತಿರಲಿಲ್ಲ, ಸೈಕಲ್ಲೂ ಕಾಣುತ್ತಿರಲಿಲ್ಲ.

ಹಾಲವ್ವ ಸುಣ್ಣವನ್ನು ಉಗುರಿನಿಂದ ಕೆರೆದು ತೆಗೆದಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಆರು ವರ್ಷದಿಂದ ಆಕೆ ಈ ಅಂಗಡಿಯಲ್ಲಿದ್ದಳು. ಗಿರಾಕಿಗಳ ಮುಖ ನೋಡಿ ಮಾತಾಡಿದವಳಲ್ಲ. ಅವರ ಗಾಲಿಯ ಕೆಸರನ್ನು ನೋಡಿ ಯಾರು ಎಲ್ಲಿ ಹೋಗಿದ್ದರೆಂದು ತಿಳಿದುಕೊಂಡು ಸುಮ್ಮನಿರುತ್ತಿದ್ದಳು.

ಎರಡು ವರ್ಷದ ಹಿಂದೆ ಅಕ್ಕ ಸಿದ್ದವ್ವನಿಗೆ ಹಾನಗಲ್ಲಿನಿಂದ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗ ಕಚೇರಿಯಲ್ಲಿ ಕಾರಕೂನ. ಎಲ್ಲ ಒಪ್ಪಿಗೆಯಾದ ಮೇಲೆ, ಎಲ್ಲರೂ ಮಾಡುವಂತೆ, ಗಂಡಿನ ಕಡೆಯವರು ಹೇಳದೆ ಕೇಳದೆ ಒಂದು ದಿನ ಸವಣೂರಿಗೆ ಬಂದು ನಾಲ್ಕು ಜನರನ್ನು ವಿಚಾರಿಸಿದರು. ನಾಲ್ಕನೆಯವನು ಎಲೆ ವ್ಯಾಪಾರದ ಪರಮೇಶಪ್ಪ. ಸಿದ್ದವ್ವ ಆಗ ಹುಸೇನಬಿಯ ಮನೆಗೆ ಹೊಲಿಗೆ ಕಲಿಯಲು ಹೋಗುತ್ತಿದ್ದಳು. ಆ ಮನೆಯಲ್ಲಿ ಹುಸೇನಬಿಯ ತಮ್ಮನೂ ಇದ್ದ. ಪರಮೇಶಪ್ಪ ಎಲೆಗೆ ಸುಣ್ಣ ಸವರುತ್ತ ಒಂದೇ ಮಾತು ಹೇಳಿದ.

“ನಾ ಏನೂ ಹೇಳೂದಿಲ್ರಿ. ಹುಡುಗಿ ಚಪ್ಪಲಿ ಹೊತ್ತು ಮುಳುಗಿದ ಮ್ಯಾಲೂ ಆ ಬಾಗಲದಾಗ ನೋಡೀನಿ, ಅಷ್ಟ.”

ಅದು ಸುಳ್ಳಲ್ಲ. ದೀಪಾವಳಿಯ ಹೊಲಿಗೆ ಇತ್ತು, ಚಪ್ಪಲಿ ಅಲ್ಲಿದ್ದವು. ಅವುಗಳ ಮಗ್ಗುಲಲ್ಲಿ ಇನ್ನೂ ಆರು ಹುಡುಗಿಯರ ಚಪ್ಪಲಿ ಇದ್ದವು. ಅವನ್ನು ಆತ ಹೇಳಲಿಲ್ಲ. ಹಾನಗಲ್ಲಿನವರು ಸಂಜೆಯ ಬಸ್ಸಿಗೆ ಹೋದರು, ಮತ್ತೆ ಬರಲಿಲ್ಲ. ಅವರ ಹಿಂದೆಯೇ ಮಾತು ಶಿಗ್ಗಾವಿಗೂ ಹೋಯಿತು, ಹಿರೇಕೆರೂರಿಗೂ ಹೋಯಿತು. ಅಪ್ಪ ಕೇಳಲು ಹೋದರೆ, ಕಂಡದ್ದನ್ನು ಕಂಡೆ ಅಂದರೆ ತಪ್ಪೇನು ಎಂದು ಪರಮೇಶಪ್ಪ ಚಹಾ ತರಿಸಿ ಕುಡಿಸಿ ಕಳಿಸಿದ. ಆವತ್ತಿನಿಂದ ಸಿದ್ದವ್ವ ಚಪ್ಪಲಿ ಮೆಟ್ಟಲಿಲ್ಲ. ಬೇಸಿಗೆಯಲ್ಲೂ ಬರಿಗಾಲಿನಲ್ಲಿ ಅಪ್ಪನ ಬುತ್ತಿ ತರುತ್ತಿದ್ದಳು. ಹಾಲವ್ವ ನೆಲ ನೋಡಿಕೊಂಡು ಕೂರುವವಳಾದ್ದರಿಂದ ದಿನಾಲೂ ಆ ಕಾಲುಗಳನ್ನೇ ಕಾಣುತ್ತಿದ್ದಳು.

ಸೈಕಲ್ಲು ಒರೆಸಿ ಮುಗಿಯುವ ಹೊತ್ತಿಗೆ ಪರಮೇಶಪ್ಪ ಸೊಂಟ ಹಿಡಿದುಕೊಂಡು ಬಂದ. ನವಾಬರ ಕಾಲದಲ್ಲಿ ಅವರಪ್ಪ ಮುಂಬಯಿಯಿಂದ ತರಿಸಿದ ವಿಲಾಯತಿ ಸೈಕಲ್ಲು ಅದು. ಊರಿಗೆಲ್ಲ ಅಂಥದ್ದು ಅದೊಂದೇ. ಹ್ಯಾಂಡಲ್ಲು ನೆಟ್ಟಗೆ, ಗಿಡ್ಡ, ಸೀಟಿಗಿಂತ ಕೆಳಗೆ. ಹೊಟ್ಟೆ ಬಂದ ಮೇಲೆ ಸಾಹುಕಾರನಿಗೆ ಅದರ ಮೇಲೆ ಬಗ್ಗಿ ಕೂರುವುದು ದೊಡ್ಡ ಶಿಕ್ಷೆಯಾಗಿತ್ತು.

“ನಮ್ಮಪ್ಪನ ಆಸ್ತಿ ಅಂತ ಇಟಗೊಂಡೇನಿ, ಮಹಾಲಿಂಗಪ್ಪ. ಇದು ನನ್ನ ಸೊಂಟಾನ ಆಸ್ತಿ ಬರಸಿಕೊಂಡಂಗ ಕಾಣ್ತೈತಿ.”

ಅಪ್ಪ ಹ್ಯಾಂಡಲನ್ನು ಎರಡು ಬೆರಳು ಎತ್ತರಿಸಿ ಕೊಡುತ್ತೇನೆ ಎಂದ. ಹೋದ ವರ್ಷವೇ ಎತ್ತರಿಸಿದ್ದಾಯಿತು, ಅದರಿಂದ ಏನೂ ಆಗಲಿಲ್ಲ ಎಂದು ಪರಮೇಶಪ್ಪ ಮುಖ ಕಿವಿಚಿದ.

ಹಾಲವ್ವ ಚಿಂದಿ ಕೆಳಗಿಟ್ಟಳು. “ಅಟ್ಟದ ಮ್ಯಾಲ ಅಗಲ ಹ್ಯಾಂಡಲ್ಲ ಐತೆಲ್ಲಪ್ಪ,” ಎಂದಳು.

ಇಬ್ಬರೂ ಆಕೆಯ ಕಡೆ ತಿರುಗಿದರು. ಪರಮೇಶಪ್ಪ ನಕ್ಕ. “ಈಕಿಗೆ ಬಾಯಿ ಐತೇನಪ್ಪ. ನಾ ಇಷ್ಟು ದಿನ ಮೂಕಿ ಅಂತ ತಿಳಿದಿದ್ದೆ.”

ಶಿಗ್ಗಾವಿಯ ಹಾಲಿನವನೊಬ್ಬ ಗುಜರಿಗೆ ಕೊಟ್ಟ ಸೈಕಲ್ಲಿನದು ಆ ಹ್ಯಾಂಡಲ್ಲು. ಎತ್ತಿನ ಕೊಂಬಿನಂತೆ ಮೇಲೆದ್ದು ಸವಾರನ ಕಡೆಗೆ ಬಾಗಿತ್ತು. ಹಳೆಯದು ಎರಡೂವರೆ ಗೇಣು, ಇದು ಮೂರು ಗೇಣಿನ ಮೇಲೆ ಎರಡು ಬೆರಳು. ಚನ್ನವೀರಪ್ಪನ ಸೈಕಲ್ಲು ಮುಟ್ಟಿಸಲು ಹೋದಾಗ ಹಾಲವ್ವ ಸಂದಿಗೂ ಗೇಣು ಹಾಕಿ ನೋಡಿದ್ದಳು. ಎರಡೂವರೆಯ ಮೇಲೆ ಒಂದು ಬೆರಳು. ಆ ಲೆಕ್ಕ ಆಕೆಯ ಹೊಟ್ಟೆಯಲ್ಲಿ ಮೂರು ತಿಂಗಳಿಂದ ಇತ್ತು.

ಕೆಲಸ ಮಧ್ಯಾಹ್ನದ ತನಕ ಹಿಡಿಯಿತು. ಹಳೆಯ ಸೈಕಲ್ಲಿಗೆ ಬ್ರೇಕಿನ ತಂತಿ ಇಲ್ಲ, ಕಬ್ಬಿಣದ ಸಲಾಕಿಗಳು. ಅವನ್ನು ಬಿಚ್ಚಿ, ನಡುವಿನ ಬೋಲ್ಟು ಸಡಿಲಿಸಿ, ಮೇಲೆ ಕಟ್ಟಿಗೆಯ ತುಂಡು ಇಟ್ಟು ಅಪ್ಪ ಸುತ್ತಿಗೆಯಿಂದ ಬಡಿದ. ಐವತ್ತು ವರ್ಷದ ಹಳೆಯ ಹ್ಯಾಂಡಲ್ಲು ಕಿರ್ರೆಂದು ಮೇಲೆ ಬಂತು. ಹೊಸದಕ್ಕೆ ಸಲಾಕಿಗಳು ಮೋಟಾದವು, ಗುಜರಿಯಲ್ಲಿ ಹುಡುಕಿ ಉದ್ದದವು ಹಾಕಿದರು. ಕೊನೆಯ ಬೋಲ್ಟನ್ನು ಹಾಲವ್ವ ತಾನೇ ಪಾನಾ ಹಿಡಿದು ಬಿಗಿದಳು, ಬ್ರೇಕನ್ನು ಮೂರು ಸಲ ಒತ್ತಿ ನೋಡಿದಳು. ಆತ ಬೀಳುವುದು ಆಕೆಗೆ ಬೇಕಾಗಿರಲಿಲ್ಲ. ಬಿದ್ದರೆ ಊರ ಮಂದಿ ಮನೆಗೆ ಹೋಗಿ ಅಯ್ಯೋ ಅನ್ನುತ್ತಾರೆ. ಆತನಿಗೆ ಯಾರೂ ಅಯ್ಯೋ ಅನ್ನಬಾರದಿತ್ತು.

ಪರಮೇಶಪ್ಪ ಒಂದು ಸುತ್ತು ಹೊಡೆದು ಬಂದು, ಕುರ್ಚಿಯಲ್ಲಿ ಕೂತು ಊರು ತಿರುಗಿದಂತಾಯಿತು ಎಂದ. ಹಳೆಯ ಹ್ಯಾಂಡಲನ್ನು ಹಾಲವ್ವ ಅಟ್ಟಕ್ಕೆ ಹಾಕಲಿಲ್ಲ. ಎದುರು ಗೋಡೆಯ ಮೊಳೆಗೆ ನೇತುಹಾಕಿದಳು.

ಮರುದಿನ ಚನ್ನವೀರಪ್ಪ ಗಾಳಿ ತುಂಬಿಸಲು ಬಂದವನು ಕಥೆ ಹೇಳಿದ. ಸಾಹುಕಾರ ಸಂದಿಯ ಬಾಯಲ್ಲಿ ಸೈಕಲ್ಲು ಒಮ್ಮೆ ದೂಡಿದನಂತೆ, ಹಿಂದೆ ಎಳೆದನಂತೆ, ಓರೆ ಮಾಡಿದನಂತೆ. ಇಸ್ಪೀಟಿನ ಎಲೆ ಹಂಚಿ ಒಳಗೆ ಕಾಯುತ್ತಿದ್ದರು. ಇದೊಂದು ದಿನ ಎಂದುಕೊಂಡು ಬೀದಿಯ ಗೋಡೆಗೆ ಒರಗಿಸಿ ಹೋದನಂತೆ. ಒಂದು ದಿನ ಹೋಗಿ ಎಂಟು ದಿನವಾಯಿತು. ಮನೆಯಿಂದ ವಖಾರಿ ದೂರ, ನಡೆದು ಹೋಗಲು ಸೊಂಟ ಬಿಡದು. ಯಾರೂ ಎದುರಿಗೆ ಏನೂ ಅನ್ನಲಿಲ್ಲವಾದ್ದರಿಂದ ಯಾರೂ ನೋಡಿಲ್ಲ ಎಂದು ಆತ ತಿಳಿದ. ಊರು ಮಾತ್ರ ದಿನಾಲೂ ನೋಡುತ್ತಿತ್ತು.

ಒಂಬತ್ತನೆಯ ದಿನ ಮಾಸೂರಿನಿಂದ ಇಬ್ಬರು ಹಿರಿಯರು ಬಸ್ಸಿಳಿದು ಅಂಗಡಿಯ ನೆರಳಿಗೆ ಬಂದು ನಿಂತರು. ಪರಮೇಶಪ್ಪನ ಮಗಳು ದ್ರಾಕ್ಷಾಯಣಿಯನ್ನು ತಮ್ಮ ಮನೆಗೆ ತಂದುಕೊಳ್ಳುವ ಮಾತು ನಡೆದಿತ್ತು. ಅಪ್ಪ ಬಿಡಿಭಾಗ ತರಲು ಹಾವೇರಿಗೆ ಹೋಗಿದ್ದ. ಅವರು ನೀರು ಕೇಳಿ ಕುಡಿದು, ಬಾಯಿ ಒರೆಸಿಕೊಂಡು, ಸಾಹುಕಾರರ ಮನೆತನ ಹೆಂಗವ್ವ ಎಂದು ಕೇಳಿದರು.

ಹಾಲವ್ವ ಶಾಲೆಯಲ್ಲಿ ದ್ರಾಕ್ಷಾಯಣಿಯೊಂದಿಗೆ ಏಳು ವರ್ಷ ಒಂದೇ ಮಣೆಯ ಮೇಲೆ ಕೂತವಳು. ಹಾಲವ್ವ ಪಾಟಿಯ ಮೇಲೆ ಉಗುಳಿ ಒರೆಸಿದರೆ ದ್ರಾಕ್ಷಾಯಣಿ ಬೈಯುತ್ತಿದ್ದಳು, ತನ್ನ ಒದ್ದೆ ಬಟ್ಟೆಯನ್ನು ಕೊಡುತ್ತಿದ್ದಳು. ಹಾಲವ್ವ ಒಂದು ಗಳಿಗೆ ತಂಬಿಗೆ ಹಿಡಿದು ನಿಂತಳು. ಆಗ ಸಿದ್ದವ್ವ ಹುಸೇನಬಿಗೆ ಕೊಡುವ ರವಿಕೆಗಳನ್ನು ಹಿಡಿದು ಸುಡುವ ಬೀದಿಯಲ್ಲಿ ಬರಿಗಾಲಿನಲ್ಲಿ ಹಾದುಹೋದಳು, ಬಿಸಿಲಿಗೆ ಹೆಜ್ಜೆ ಬೇಗ ಬೇಗ ಎತ್ತಿಡುತ್ತ.

“ನಾ ಏನೂ ಹೇಳೂದಿಲ್ರಿ,” ಎಂದಳು ಹಾಲವ್ವ. “ಅವರ ಸೈಕಲ್ಲ ಎಂಟು ದಿನದಿಂದ ಚನ್ನವೀರಪ್ಪನ ಅಂಗಡಿ ಸಂದಿ ಬಾಯಾಗ ನೋಡೀನಿ, ಅಷ್ಟ.”

ಅವರು ಚನ್ನವೀರಪ್ಪನ ಅಂಗಡಿಗೆ ಹೋಗಿ ಖಾರಾ ಕಟ್ಟಿಸಿಕೊಂಡರು. ಎತ್ತಿನ ಕೊಂಬಿನ ಸೈಕಲ್ಲನ್ನು ನೋಡಿದರು. ಸಂದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಮೂರೂವರೆಯ ಬಸ್ಸಿಗೆ ಹಿಂದಿರುಗಿದರು.

ಮುಂದಿನ ವಾರ ಪರಮೇಶಪ್ಪ ಸೈಕಲ್ಲನ್ನು ಏರದೆ ದೂಡಿಕೊಂಡು ಬಂದ. ಮಾಸೂರಿನವರು ಬೇಡವೆಂದು ಹೇಳಿ ಕಳಿಸಿದ್ದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅವರಿಗೆ ಹಾಲವ್ವ ಏನು ಹೇಳಿದಳೆಂಬುದೂ, ಯಾವ ಮಾತಿನಲ್ಲಿ ಹೇಳಿದಳೆಂಬುದೂ ಚನ್ನವೀರಪ್ಪನ ಬಾಯಿಂದ ಅಪ್ಪನಿಗೆ ಮುಟ್ಟಿತ್ತು. ಅದನ್ನು ಕೇಳಿದ ರಾತ್ರಿ ಅಪ್ಪ ಉಣ್ಣಲಿಲ್ಲ, ಮಗಳನ್ನು ಬೈಯಲೂ ಇಲ್ಲ.

“ಸೊಂಟ ನೊಂದರ ನೋಯ್ಲಿ. ಹಳೇ ಹ್ಯಾಂಡಲ್ಲ ಹಾಕಿ ಕೊಡು, ಮಹಾಲಿಂಗಪ್ಪ,” ಎಂದ ಪರಮೇಶಪ್ಪ.

ಅದು ಎದುರಿಗೇ ಮೊಳೆಯಲ್ಲಿ ತೂಗುತ್ತಿತ್ತು. ಅಪ್ಪ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕಿದ. ಬುತ್ತಿ ತಂದಿದ್ದ ಸಿದ್ದವ್ವ ಹೊಸ್ತಿಲಲ್ಲಿ ಬರಿಗಾಲು ಚಾಚಿ ಕೂತಿದ್ದಳು, ಕಾಲು ಮಡಚಿಕೊಳ್ಳಲಿಲ್ಲ. ಹಾಲವ್ವ ಪಾನಾವನ್ನು ಒರೆಸಿ ಡಬ್ಬಿಯಲ್ಲಿಟ್ಟಳು. ಮೊದಲ ಸಲ ಆತನ ಮುಖವನ್ನು ನೆಟ್ಟಗೆ ನೋಡಿದಳು.

ಪರಮೇಶಪ್ಪ ಈ ಸಲ ಆಕೆಯ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ.

“ನೀನರ ಹಾಕಿ ಕೊಡ ಯವ್ವಾ.”