ಎರಡೂ ಪಕ್ಕ ಒಂದೇ

ನಲವತ್ತು ವರ್ಷ ತಿರುವನಂತಪುರದಲ್ಲಿ ರಾಕೆಟ್ಟಿನ ನಕ್ಷೆ ಬರೆದ ದಾಮೋದರರಿಗೆ ನಿವೃತ್ತಿಯಾದ ಮೇಲೆ ಒಂದೇ ಆಸೆ ಉಳಿದಿತ್ತು. ಹೆಂಡತಿ ಜಯಲಕ್ಷ್ಮಿಯ ಚಿತ್ರವೊಂದನ್ನು, ಜೀವ ಇರುವಂಥದ್ದನ್ನು, ಕೈಯಾರೆ ಬರೆಯಬೇಕು. ಅದಕ್ಕೆಂದೇ ಅದೇ ಊರಿನ ಪಟ್ಟಂ ಬಡಾವಣೆಯಲ್ಲಿ ಪ್ರೇಮ ಟೀಚರ ಚಿತ್ರಕಲೆಯ ಕ್ಲಾಸಿಗೆ ಸೇರಿದರು. ಆದರೆ ಹಳೇ ಚಾಳಿ ಬಿಡಬೇಕಲ್ಲ! ಹಾಳೆಯ ನಡುವೆ ಗೆರೆ ಎಳೆದು, ಬಲಭಾಗವನ್ನಷ್ಟೇ ನೋಡಿ ಬರೆದು, ಎಡಕ್ಕೆ ಅದನ್ನೇ ಅಳತೆ ತಪ್ಪದಂತೆ ಮಗುಚಿಡುತ್ತಿದ್ದರು. ರಾಕೆಟ್ಟಿಗಾದರೆ ಎರಡೂ ಪಕ್ಕ ಒಂದೇ.

"ಸಾರ್, ಇದು ಹೆಂಗಸಲ್ಲ, ಹೂಜಿ," ಎಂದು ಟೀಚರ್ ನಕ್ಕರು. ದಾಮೋದರರು ಅಂದೇ ಪೆನ್ಸಿಲ್ ಡಬ್ಬಿಯನ್ನು ಬೀರುವಿನ ಮೇಲೆಸೆದರು.

ಇನ್ನೂರು ವರ್ಷದ ಹಿಂದಿನ ಇಟಲಿಯ ಶಿಲ್ಪಿಯೊಬ್ಬನ ಪೆನ್ಸಿಲ್ ಚಿತ್ರಗಳು ಕೊಚ್ಚಿಗೆ ಪ್ರದರ್ಶನಕ್ಕೆ ಬಂದಿವೆಯೆಂದು ಪೇಪರಿನಲ್ಲಿ ಓದಿದವಳು ಜಯಲಕ್ಷ್ಮಿ. "ಏಳ್ರೀ, ಮುಖ ಊದಿಸ್ಕೊಂಡು ಕೂತಿದ್ದು ಸಾಕು," ಎಂದು ತಂಪಾನೂರು ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿಸಿಯೇಬಿಟ್ಟಳು.

ಹಳೇ ಗ್ರೀಕರ ಮೂರ್ತಿಗಳನ್ನೇ ಗುರುವೆಂದುಕೊಂಡಿದ್ದ ಆ ಶಿಲ್ಪಿ ಅಮೃತಶಿಲೆಯಲ್ಲಿ ಕಡೆದದ್ದೆಲ್ಲ ಬಲು ನುಣುಪಂತೆ. ಕೊಚ್ಚಿಯಲ್ಲಿ ಗೋಡೆಗೆ ತೂಗುಹಾಕಿದ್ದ ಹಾಳೆಗಳಲ್ಲಿ ಮಾತ್ರ ಅವನ ಒದ್ದಾಟ ಬಯಲಾಗಿತ್ತು. ನಿಂತ ಒಬ್ಬಳೇ ಹೆಂಗಸನ್ನು ಹನ್ನೊಂದು ಸಲ ಬರೆದಿದ್ದ. ಪ್ರತಿ ಸಲವೂ ಕತ್ತಿನ ಗುಳಿಯಿಂದ ನೆಲಕ್ಕೆ, ಗಾರೆಯವರು ಗುಂಡು ಕಟ್ಟಿದ ದಾರ ಇಳಿಬಿಟ್ಟಂತೆ, ಒಂದು ನೇರ ಗೆರೆ. ಇವನೂ ನಮ್ಮವನೇ ಎಂದು ದಾಮೋದರರ ಕಣ್ಣರಳಿತು! ಆದರೆ ಗೆರೆ ಎರಡು ಕಾಲುಗಳ ನಡುವೆ ಇಳಿದಿರಲಿಲ್ಲ. ಭಾರ ಹೊತ್ತ ಒಂದೇ ಪಾದದ ಮೇಲೆ ಇಳಿದಿತ್ತು. ಆ ಕಡೆಯ ಸೊಂಟ ಮೇಲೆ, ಭುಜ ಕೆಳಗೆ. ಒಂದು ಪಕ್ಕದಂತೆ ಇನ್ನೊಂದಿಲ್ಲ. ಆ ಗೆರೆಯನ್ನು ಅಳಿಸದೆ ಬಿಟ್ಟುಹೋದ ಪುಣ್ಯಾತ್ಮನಿಗೆ ದಾಮೋದರರು, ಕಾವಲಿನವನು ನೋಡುತ್ತಿದ್ದರೂ ಲೆಕ್ಕಿಸದೆ, ಕೈಮುಗಿದರು.

ಮರುದಿನ ಬೆಳಿಗ್ಗೆ ಡಬ್ಬಿ ಇಳಿಸಿ, ಜಯಲಕ್ಷ್ಮಿಯನ್ನು ಕಿಟಕಿಯ ಬಳಿ ನಿಲ್ಲಿಸಿದರು. ಕತ್ತಿನ ಗುಳಿಯಿಂದ ಗೆರೆ ಇಳಿಸಿದರೆ ಅದು ಎಡಪಾದಕ್ಕೆ ಬಂತು. ಸ್ವಲ್ಪ ಓಡಾಡಿ ಬಂದು ನಿಲ್ಲು ಎಂದರು. ಮತ್ತೆ ಎಡಪಾದ. ಮೂರನೇ ಹಾಳೆಯಲ್ಲೂ ಅದೇ. ಬಲಪಾದ ನೆಲಕ್ಕೆ ಬರೀ ತಾಗಿಕೊಂಡಿತ್ತು.

"ಜಯಾ, ಬಲಗಾಲು ನೋಯತ್ತಾ?"

"ಮಂಡಿ. ಎರಡು ವರ್ಷ ಆಯ್ತು."

"ಹೇಳ್ಲೇ ಇಲ್ವಲ್ಲೇ!"

"ಹೇಳಿದ್ರೆ ನೀವು ಕೊಚ್ಚಿಗೆ ಹೊರಡ್ತಿದ್ರಾ?"

ದಾಮೋದರರು ಪೆನ್ಸಿಲ್ ಕೆಳಗಿಟ್ಟರು. ಆ ಕಾಲಿನಲ್ಲೇ ಅವಳು ತನ್ನನ್ನು ಅಷ್ಟು ದೂರ ಎಳೆದುಕೊಂಡು ಹೋಗಿದ್ದಳು, ಹನ್ನೊಂದು ಹಾಳೆಗಳ ಮುಂದೆ ತುಟಿ ಪಿಟಕ್ಕೆನ್ನದೆ ನಿಂತಿದ್ದಳು. ಈ ಋಣ ಯಾವ ಜನ್ಮಕ್ಕೆ ತೀರೀತು ಅನ್ನಿಸಿತು.

"ಮುಗೀತು, ಕೂತ್ಕೋ," ಎಂದು ಕುರ್ಚಿ ಎಳೆದು ಕೊಟ್ಟು, ಆಸ್ಪತ್ರೆಗೆ ಹೊರಡಲು ಚಪ್ಪಲಿ ಹುಡುಕತೊಡಗಿದರು.

"ಮುಖವೇ ಬರೆದಿಲ್ವಲ್ರೀ," ಎಂದಳು ಜಯಲಕ್ಷ್ಮಿ, ಹಾಳೆ ಎತ್ತಿಕೊಂಡು.

ನಿಜ, ಮುಖ ಇರಲಿಲ್ಲ. ಆದರೂ ಆ ನಿಲುವನ್ನು ಯಾರು ನೋಡಿದರೂ ಜಯಲಕ್ಷ್ಮಿಯೇ ಎನ್ನುತ್ತಿದ್ದರು.