ಬರೆದುಕೊಡಿ, ಅಳಿಸುತ್ತೇನೆ

“ಕೈ ತೆಗೀರಿ ಸಾಹೇಬ್ರೆ,” ಎಂದರು ಡ್ರೈವರು.

ದೊಡ್ಡಾಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಸಾಹೇಬರು ಆಗಲೇ ಲ್ಯಾಪ್‌ಟಾಪಿನ ವೈರನ್ನು ಗೋಡೆಯಿಂದ ಕಿತ್ತು ಅರ್ಧ ಸುತ್ತಿದ್ದರು. ಉಳಿದರ್ಧ ಡ್ರೈವರ ಮುಷ್ಟಿಯಲ್ಲಿತ್ತು. ಹೊರಗೆ ನಡುಮನೆಯಲ್ಲಿ ಡ್ರೈವರ ಹೆಂಡತಿಯ ದೇಹ ಬಿಳಿ ಬಟ್ಟೆಯಡಿ ಮಲಗಿತ್ತು. ಬೆಳಗಿನ ಐದಕ್ಕೆ ಜೀವ ಹೋಗಿತ್ತು, ಈಗ ಹತ್ತು ಗಂಟೆ. ಬಂದವರೆಲ್ಲ ಅಲ್ಲಿ ಗೋಡೆಗೊರಗಿ ಕಣ್ಣೊರೆಸಿಕೊಳ್ಳುತ್ತಿದ್ದರೆ, ಈ ಮಹಾಶಯರು ಎರಡು ನಿಮಿಷ ತಲೆ ತಗ್ಗಿಸಿ ನಿಂತ ಶಾಸ್ತ್ರ ಮುಗಿಸಿ ಸೀದಾ ಒಳಕೋಣೆಗೆ ನುಗ್ಗಿದ್ದರು.

“ಇದು ಆಸ್ಪತ್ರೆ ಸ್ವತ್ತು. ನೌಕರರು ಹೋದ ದಿನಾನೇ ವಾಪಸ್ ಬರ್ಬೇಕು. ನಿಯಮ ಅಂದ್ರೆ ನಿಯಮ,” ಎಂದರು ಸಾಹೇಬರು.

“ನೌಕರರು ಇನ್ನೂ ಹೋಗಿಲ್ಲ, ಹೊರಗೇ ಇದಾರೆ. ಹನ್ನೊಂದಕ್ಕೆ ಹೊರಡ್ತಾರೆ. ಆಮೇಲೆ ತಗೊಂಡು ಹೋಗಿ.”

ಬಾಗಿಲಲ್ಲಿ ಹೆಂಡತಿಯ ಅಕ್ಕ ಸೆರಗಿನಿಂದ ಮೂಗು ಒರೆಸುತ್ತ ನಿಂತಿದ್ದಳು. ಊರಿಗೆಲ್ಲ ಡ್ರೈವರಾದ ಈ ಮನುಷ್ಯ ಅವಳಿಗೂ ಡ್ರೈವರೇ. “ಅಯ್ಯೋ ಡ್ರೈವರೇ, ಕೊಟ್ಟು ಕಳಿಸಬಾರದಾ! ಹೆಣ ಮನೇಲಿಟ್ಕೊಂಡು ಒಂದು ಡಬ್ಬಕ್ಕೆ ಕಿತ್ತಾಡ್ತೀರಲ್ಲ, ನಾಲ್ಕು ಜನ ನೋಡಿದ್ರೆ ಏನಂದ್ಕೋತಾರೆ?”

ಡ್ರೈವರು ಬಾಯಿ ತೆರೆಯುವಷ್ಟರಲ್ಲಿ ಅಕ್ಕನ ಹಿಂದಿನಿಂದ ಇನ್ನೊಬ್ಬಳು ಒಳಗೆ ಬಂದಳು. ದೊಡ್ಡಾಸ್ಪತ್ರೆಗೇ ಸೇರಿದ, ಹೊಳೆಯಾಚೆಯ ಚಿಕ್ಕ ಕ್ಲಿನಿಕ್ಕಿನ ನರ್ಸು. ಡ್ಯೂಟಿಯ ಬಟ್ಟೆಯಲ್ಲೇ ಬಂದಿದ್ದಳು, ಅತ್ತು ಅತ್ತು ಮುಖ ಊದಿಕೊಂಡಿತ್ತು. ಸಾಹೇಬರನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಬಂದದ್ದು ಬರಲಿ ಎಂಬಂತೆ ಡ್ರೈವರ ಕಡೆಗೇ ತಿರುಗಿದಳು.

“ಈ ಹೊತ್ತಲ್ಲಿ ಕೇಳಬಾರದು ಅಣ್ಣಾ. ಆದ್ರೆ ದೊಡ್ಡಾಸ್ಪತ್ರೆ ರಿಪೋರ್ಟು ಬರೋ ನಮ್ಮ ಕಂಪ್ಯೂಟರ್ ಲೈನು ಬಂದಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹೋಗತ್ತೆ, ಎಂಟರ ಒಳಗೆ ಬಂದೇ ಬರತ್ತೆ. ಇವತ್ತು ಹತ್ತಾದ್ರೂ ಇಲ್ಲ. ಒಬ್ಬ ಗಾರೆಯವನು ಮೊನ್ನೆ ಏಣಿಯಿಂದ ಬಿದ್ದಿದ್ದ. ನಿನ್ನೆ ದೊಡ್ಡಾಸ್ಪತ್ರೇಲಿ ತಲೆ ಸ್ಕ್ಯಾನ್ ಮಾಡಿ ಕಳಿಸಿದಾರೆ. ಬೆಳಿಗ್ಗೆಯಿಂದ ಒಂದೇ ಸಮ ವಾಂತಿ. ಸ್ಕ್ಯಾನ್ ಚಿತ್ರ ಅಲ್ಲಿದೆ, ಅವನೂ ಡಾಕ್ಟ್ರಮ್ಮನೂ ನಮ್ಮ ಕ್ಲಿನಿಕ್ಕಲ್ಲಿದಾರೆ. ಫೋನ್ ಮಾಡಿದ್ರೆ ಭಾನುವಾರ ರೆಕಾರ್ಡ್ ರೂಮು ರಜಾ ಅಂತಾರೆ. ಲೈನಿನ ವಿಷಯ ನಿಮ್ಮ ಮನೆಯವರು ನಿಮಗೇನಾದ್ರೂ ಹೇಳಿದ್ರಾ?”

ಡ್ರೈವರು ಗೋಡೆಯ ಕ್ಯಾಲೆಂಡರಿನತ್ತ ನೋಡಿದರು. ಇವತ್ತು ಭಾನುವಾರ! ಐದಕ್ಕೆ ಹೆಂಡತಿಯ ಉಸಿರು ನಿಂತಿತು, ಆರಕ್ಕೆ ದೊಡ್ಡಾಸ್ಪತ್ರೆಯ ಕಂಪ್ಯೂಟರ್ ಯಂತ್ರ ವಾರದ ಪದ್ಧತಿಯಂತೆ ತನ್ನಷ್ಟಕ್ಕೆ ತಾನು ಆರಿ ಮತ್ತೆ ಹತ್ತಿರುತ್ತದೆ. ಎಂಟರೊಳಗೆ ಈ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬಡಿಯಬೇಕಿತ್ತು. ಮೂರು ತಿಂಗಳಿಂದ ಅದು ತನ್ನ ಕೆಲಸ. ಮರೆತೇಬಿಟ್ಟಿದ್ದರು.

“ಆ ದಾರಿ ಆರು ವರ್ಷದ ಹಿಂದೇನೇ ತೆಗೆಸಿಹಾಕಿದೀನಲ್ಲ!” ಎಂದುಬಿಟ್ಟರು ಸಾಹೇಬರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು.

“ಓಹೋ. ನೀವೇನಾ ಅದು? ನೀವು ತೆಗೆಸಿದ್ದನ್ನ ಅವಳು ವಾರ ವಾರ ಕೂತು ಹಾಕ್ತಿದ್ಳು,” ಎಂದರು ಡ್ರೈವರು ನಿಧಾನಕ್ಕೆ.

* * *

ಡ್ರೈವರು ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವರು. ಹೆಂಡತಿ ದೊಡ್ಡಾಸ್ಪತ್ರೆಗೆ ಟೈಪಿಸ್ಟಾಗಿ ಸೇರಿ, ಯಾರಿಗೂ ಬೇಡವಾಗಿದ್ದ ದಪ್ಪ ಪುಸ್ತಕವೊಂದನ್ನು ಓದಿ ಓದಿ, ಕೊನೆಗೆ ಆಸ್ಪತ್ರೆಯ ಕಂಪ್ಯೂಟರುಗಳ ನಡುವಿನ ದಾರಿ ನೋಡಿಕೊಳ್ಳುವವಳಾದಳು. ನರ್ಸುಗಳು ಅವಳನ್ನು ದಾರಿಯಕ್ಕ ಎಂದೇ ಕರೆಯುತ್ತಿದ್ದರು.

“ಅದೇನು ಕಪ್ಪು ಪರದೆ ಮೇಲೆ ಬರೀ ಅಂಕಿ ಬಡೀತೀಯ? ಚಿತ್ರ ಇಲ್ಲ, ಬಣ್ಣ ಇಲ್ಲ,” ಎಂದು ಡ್ರೈವರು ಒಮ್ಮೆ ಕೇಳಿದ್ದರು.

“ನೋಡಿ, ದೊಡ್ಡಾಸ್ಪತ್ರೆ ಯಂತ್ರಕ್ಕೆ ಹೊಳೆಯಾಚೆ ಕ್ಲಿನಿಕ್ಕು ಎಲ್ಲಿದೆ ಅಂತ ಗೊತ್ತಿಲ್ಲ. ಇಂಥ ಕಡೆ ಹೋಗ್ಬೇಕಾದ್ರೆ ಇಂಥ ಸ್ಟಾಪಲ್ಲಿ ಇಳಿದು ಬಸ್ಸು ಬದಲಾಯಿಸು ಅಂತ ನಾನು ಒಂದು ಸಾಲಲ್ಲಿ ಹೇಳ್ಬೇಕು. ಹೇಳದೇ ಇದ್ರೆ ಅದು ನಿಂತಲ್ಲೇ ನಿಂತಿರತ್ತೆ.”

“ಅಷ್ಟಕ್ಕೇನಾ ನಿಂಗೆ ಸಂಬಳ ಕೊಡೋದು?”

“ನಿಮಗೆ ಮತ್ತೆ ಯಾತಕ್ಕೆ ಕೊಡ್ತಾರೆ? ಚಕ್ರ ತಿರುಗಿಸೋದಕ್ಕೆ ತಾನೆ?”

ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲ. ಹಿಡಿದ ಪಟ್ಟು ಬಿಟ್ಟವಳೂ ಅಲ್ಲ. ಸಾಹೇಬರು ಬಂದ ಹೊಸದರಲ್ಲಿ ಅವಳನ್ನು ಕರೆಸಿ, ಆ ಕ್ಲಿನಿಕ್ಕಿನ ದಾರಿ ಅಳಿಸಿಬಿಡಿ ಎಂದರಂತೆ. ಕಾರಣವೇನೂ ಬ್ರಹ್ಮವಿದ್ಯೆಯಾಗಿರಲಿಲ್ಲ. ದಾರಿ ಇಲ್ಲದಿದ್ದರೆ ರಿಪೋರ್ಟು ಕಾಣುವುದಿಲ್ಲ, ರಿಪೋರ್ಟು ಕಾಣದಿದ್ದರೆ ಜನ ಬರುವುದಿಲ್ಲ, ಜನ ಬರದಿದ್ದರೆ ‘ಉಪಯೋಗವಿಲ್ಲ’ ಎಂದು ಬರೆದು ಕ್ಲಿನಿಕ್ಕಿಗೆ ಬೀಗ ಜಡಿದು ಖರ್ಚು ಉಳಿಸಬಹುದು.

“ಬರೆದುಕೊಡಿ ಸಾರ್, ಅಳಿಸ್ತೀನಿ,” ಎಂದಳಂತೆ ಇವಳು.

“ಬಾಯಲ್ಲಿ ಹೇಳಿದ್ರೆ ಸಾಕಲ್ಲ?”

“ದಾರಿ ಕೇಳಿದೋರು ಬರೆದೇ ಕೇಳಿದ್ರು, ನಾನು ಹಾಕಿದೆ. ತೆಗೀರಿ ಅನ್ನೋರೂ ಬರೀಲಿ. ಕೆಳಗೆ ನಿಮ್ಮ ಹೆಸರು ಹಾಕಿ.”

ಸಾಹೇಬರು ಬರೆದುಕೊಡಲಿಲ್ಲ. ಮುಂದಿನ ಸೋಮವಾರ ನೋಡಿದರೆ ಆ ಸಾಲು ಮಾಯ. ಯಾರು ಅಳಿಸಿದರೋ, ಯಾರು ಅಳಿಸಲು ಹೇಳಿದರೋ, ಒಬ್ಬರೂ ಬಾಯಿ ಬಿಡಲಿಲ್ಲ. ಅವಳೂ ಗುಲ್ಲೆಬ್ಬಿಸಲಿಲ್ಲ. ಅದೇ ಸಾಲನ್ನು ತಾತ್ಕಾಲಿಕವಾಗಿ ಹಾಕಿದಳು. ಹಾಗೆ ಹಾಕಿದ ದಾರಿ ಯಂತ್ರ ಆರಿ ಹತ್ತುವವರೆಗೆ ಮಾತ್ರ ಬದುಕುತ್ತದೆ, ಭಾನುವಾರಕ್ಕೆ ಅಳಿದುಹೋಗುತ್ತದೆ. ಆದರೆ ತಿಂಗಳಿಗೊಮ್ಮೆ ಅಚ್ಚಾಗಿ ಸಾಹೇಬರ ಮೇಜಿಗೆ ಸಹಿಗೆ ಹೋಗುವ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಪಟ್ಟಿಯಲ್ಲಿ ಬರುವುದು ಕಾಯಂ ದಾರಿಗಳು ಮಾತ್ರ.

ಒಂದೆರಡು ಸಲ ಸಾಹೇಬರಿಗೆ ವಾಸನೆ ಬಡಿದದ್ದುಂಟು. “ಆ ಕ್ಲಿನಿಕ್ಕಿಗೆ ಇನ್ನೂ ಜನ ಹೋಗ್ತಿದಾರಲ್ಲ, ಹೇಗೆ?” ಎಂದು ಕೇಳಿದರಂತೆ.

“ಪಟ್ಟಿಲಿ ಇದೆಯಾ ಸಾರ್?”

“ಇಲ್ಲ.”

“ಮತ್ತೆ?”

ಅಲ್ಲಿಗೆ ಮಾತು ಮುಗಿಯಿತು. ಆರು ವರ್ಷದಲ್ಲಿ ಅವಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಮದುವೆಗೆ ಹೋದರೆ ಅಲ್ಲಿಂದ, ಜ್ವರ ಬಂದರೆ ಹಾಸಿಗೆಯಿಂದ. “ನಿನ್ನ ಕಾಲ ಆದ್ಮೇಲೆ ಯಾರು ಹಾಕ್ತಾರೆ?” ಎಂದು ಡ್ರೈವರು ರೇಗಿಸಿದರೆ, “ನಾನು ಸಾಯೋದೇ ಇಲ್ಲ, ಪುರುಸೊತ್ತೆಲ್ಲಿದೆ?” ಎನ್ನುತ್ತಿದ್ದಳು.

* * *

“ಅಂದ್ರೆ ಆಯಮ್ಮ ಆರು ವರ್ಷ ನಂಗೆ ಟೋಪಿ ಹಾಕಿದ್ಳು,” ಎಂದರು ಸಾಹೇಬರು. ಮುಖ ಕೆಂಪಗಾಗಿತ್ತು. “ಹೋದೋರ ಬಗ್ಗೆ ಕೆಟ್ಟದ್ದು ಆಡಬಾರದು. ಆ ಲ್ಯಾಪ್‌ಟಾಪು ಕೊಡಿ, ಇಲ್ಲಿಗೇ ಬಿಟ್ಟುಬಿಡ್ತೀನಿ.”

“ಟೋಪಿನಾ?” ಎಂದಳು ನರ್ಸು. “ನಾವು ಯಂತ್ರಾನೇ ಹಾಗೆ, ಭಾನುವಾರ ಮುನಿಸ್ಕೊಳ್ಳತ್ತೆ ಅಂದ್ಕೊಂಡಿದ್ವಿ ಸಾರ್. ಪ್ರತಿ ವಾರ ಅಕ್ಕ ಕೂತು ಹಾಕ್ತಿದ್ರು ಅಂತ ನಂಗೆ ಈಗ ಗೊತ್ತಾಗ್ತಿದೆ. ಒಂದು ಮಾತು ಹೇಳ್ಲಿಲ್ಲವಲ್ಲ.” ಅವಳು ಡ್ರೈವರ ಕಡೆ ತಿರುಗಿದಳು. “ಅಣ್ಣಾ, ಗಾರೆಯವನಿಗೆ ಮೂವತ್ತು ವರ್ಷಾನೂ ಆಗಿಲ್ಲ.”

ಡ್ರೈವರಿಗೆ ಆ ದಾರಿ ಗೊತ್ತಿತ್ತು, ಕಂಪ್ಯೂಟರಿನದಲ್ಲ, ಡಾಂಬರಿನದು. ಹೊಳೆಯಾಚೆಯಿಂದ ದೊಡ್ಡಾಸ್ಪತ್ರೆಗೆ ಎರಡು ಬಸ್ಸು, ಒಂದೂಮುಕ್ಕಾಲು ಗಂಟೆ, ಭಾನುವಾರವಾದರೆ ಎರಡೂವರೆ. ಒಂದು ಕಾಲದಲ್ಲಿ ಆ ಬಸ್ಸಿನ ಕನ್ನಡಿಯಲ್ಲಿ ಅವರು ಎಂಥೆಂಥ ಮುಖಗಳನ್ನು ನೋಡಿದ್ದರು! ಒಬ್ಬ ಮುದುಕ ಸೇತುವೆ ದಾಟುವ ಮೊದಲೇ ತಣ್ಣಗಾಗಿದ್ದ, ಪಕ್ಕದವಳು ಇಳಿಯುವವರೆಗೂ ಅವನಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಲೇ ಇದ್ದಳು.

ಸಾಹೇಬರ ಕೈಯಿಂದ ವೈರನ್ನು ಎಳೆದುಕೊಂಡು ಡ್ರೈವರು ಗೋಡೆಗೆ ಚುಚ್ಚಿದರು. ಕುರ್ಚಿ ಎಳೆದು ಕುಳಿತರು.

* * *

ಮೂರು ತಿಂಗಳ ಹಿಂದೆ ಕಾಯಿಲೆ ಅವಳ ಬೆರಳುಗಳಿಗೆ ಇಳಿದಿತ್ತು. ಲೋಟ ಹಿಡಿದರೆ ಜಾರುತ್ತಿತ್ತು. ಆ ಭಾನುವಾರ ಲ್ಯಾಪ್‌ಟಾಪನ್ನು ಗಂಡನ ತೊಡೆಯ ಮೇಲಿಟ್ಟು, “ರೀ, ಇವತ್ತಿಂದ ನೀವು ನನ್ನ ಕೈ,” ಎಂದಳು.

“ನಂಗೆ ಎಬಿಸಿಡಿ ಹುಡುಕೋದ್ರಲ್ಲೇ ಮಧ್ಯಾಹ್ನ ಆಗತ್ತೆ, ಮಾರಾಯ್ತಿ.”

“ಆಗ್ಲಿ. ಬಸ್ಸು ತಡವಾಗಿ ಬಂದ್ರೂ ಬಸ್ಸೇ. ರೂಟ್ ಅಂತ ಹೊಡೀರಿ. ಜಾಗ ಬಿಡಿ. ಆ್ಯಡ್. ಈಗ ಅಂಕಿ. ಹತ್ತು, ಚುಕ್ಕಿ, ಇಪ್ಪತ್ತು, ಚುಕ್ಕಿ, ಏಳು...”

ಎರಡು ಬೆರಳಲ್ಲಿ ಅವರು ಕುಟ್ಟಿದರು. ತಪ್ಪಾಯಿತು, ಯಂತ್ರ ಬೈಯಿತು, ಅವಳು ನಕ್ಕಳು. ನಾಲ್ಕನೇ ವಾರದ ಹೊತ್ತಿಗೆ ಆ ಸಾಲು ಅವರ ಬಾಯಿಗೆ ಬಂದಿತ್ತು. ಬೆಳಿಗ್ಗೆ ಮುಖ ತೊಳೆಯುವಾಗಲೂ ಗುನುಗುತ್ತಿದ್ದರು.

ಒಂದು ದಿನ ಅವರಿಗೆ ರೇಗಿತು. “ವಾರ ವಾರ ಇದೇನು ಗೋಳು? ಒಂದೇ ಸಲಕ್ಕೆ ಕಾಯಂ ಮಾಡೋ ದಾರಿ ಇಲ್ವಾ?”

“ಇದೆ. ರೂಟ್ ಆದ್ಮೇಲೆ ಒಂದು ಅಡ್ಡಗೆರೆ, ಒಂದು ಪಿ. ಅಷ್ಟೇ. ಯಂತ್ರ ಎಷ್ಟು ಸಲ ಆರಿ ಹತ್ತಿದ್ರೂ ಅಲ್ಲಾಡಲ್ಲ.”

“ಮತ್ತೆ?”

“ಮತ್ತೆ ಏನು! ಪಟ್ಟಿಲಿ ಬರತ್ತೆ. ಯಾವ ದಿನ, ಯಾರು ಹಾಕಿದ್ದು ಅಂತ ನನ್ನ ಹೆಸರು ಬರತ್ತೆ. ಸಾಹೇಬ್ರು ನನ್ನ ಕೆಲಸ ತೆಗೀತಾರೆ.” ಅವಳು ಗೋಡೆಯ ಕಡೆ ಹೊರಳಿದಳು. “ದೊಡ್ಡ ಗಟ್ಟಿಗಿತ್ತಿ ಹಾಗೆ ಆಡ್ತೀನಿ. ಆ ಒಂದು ಅಕ್ಷರ ಹೊಡೆಯೋಕೆ ಆರು ವರ್ಷದಿಂದ ಹೆದರ್ಕೊಂಡೇ ಇದೀನಿ ಕಣ್ರೀ.”

ಅವಳು ಹೆದರಿಕೆ ಎಂಬ ಮಾತನ್ನು ಬಾಯಲ್ಲಿ ತಂದದ್ದನ್ನು ಡ್ರೈವರು ಕೇಳಿದ್ದು ಅದೊಂದೇ ಸಲ. ಅವಳ ಹೊದಿಕೆ ಸರಿಮಾಡಿದ್ದರು.

* * *

ಕಪ್ಪು ಪರದೆ ತೆರೆದುಕೊಂಡಿತು. ಡ್ರೈವರು ರೂಟ್ ಎಂದು ಹೊಡೆದು ಜಾಗ ಬಿಟ್ಟರು. ಅಲ್ಲಿಗೆ ನಿಂತರು.

“ಬೇಡ ಡ್ರೈವರೇ,” ಎಂದರು ಸಾಹೇಬರು ಹಿಂದಿನಿಂದ. “ಅದು ಆಯಮ್ಮನ ಐಡಿ. ನೀವು ಮುಟ್ಟೋದು ಅಪರಾಧ.”

“ಇದರಲ್ಲಿ ಏನು ಹೊಡೆದ್ರೂ ಯಾರ ಹೆಸರು ಬರತ್ತೆ?”

“ಆಯಮ್ಮಂದೇ.”

“ಸರಿ. ಕರೆಸಿ ವಿಚಾರಣೆ ಮಾಡಿ. ನಡುಮನೇಲೇ ಮಲಗಿದಾಳೆ. ಕೆಲಸದಿಂದ ತೆಗೀತೀರಾ? ತೆಗೀರಿ. ನಾನೇ ಹೋಗಿ ಕಿವೀಲಿ ಹೇಳಿ ಬರ್ತೀನಿ.”

ಅಡ್ಡಗೆರೆ ಹೊಡೆದರು. ಪಿ ಹೊಡೆದರು. ಅಷ್ಟು ಹೊತ್ತು ಅಳು ತಡೆದುಕೊಂಡಿದ್ದ ಮನುಷ್ಯ ಆ ಅಕ್ಷರ ಪರದೆಗೆ ಬಿದ್ದದ್ದೇ ಗಳಗಳನೆ ಅತ್ತುಬಿಟ್ಟರು. ಅಳುತ್ತಲೇ ಅಂಕಿಗಳನ್ನು ಕುಟ್ಟಿದರು. ಎಲ್ಲೋ ಒಂದು ಕಡೆ ತಪ್ಪಿತು, ಯಂತ್ರ ಆಗುವುದಿಲ್ಲವೆಂದಿತು. ಅಂಗಿಯ ತೋಳಲ್ಲಿ ಕಣ್ಣೊರೆಸಿಕೊಂಡು, ಅಂಕಿಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಮತ್ತೆ ಮೊದಲಿಂದ ಹೊಡೆದರು. ಈ ಸಲ ಯಂತ್ರ ಒಪ್ಪಿಕೊಂಡಿತು.

ನರ್ಸು ಕ್ಲಿನಿಕ್ಕಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಡಾಕ್ಟ್ರಮ್ಮನ ಸ್ವರ ಕೇಳಿಸಿತು. “ಬಂತು, ಬಂತು. ತೆರೀತಾ ಇದೆ, ಇರು... ಅಯ್ಯೋ ದೇವರೇ. ರಕ್ತ ಇಳಿದಿದೆ, ಇಲ್ಲಿ ನೋಡು. ನಿನ್ನೆ ಯಾರು ಇವನನ್ನ ಮನೆಗೆ ಕಳಿಸಿದ್ದು? ಆಂಬುಲೆನ್ಸ್ ಕರೀರಿ, ಈಗಲೇ ಕರೀರಿ! ಬಸ್ಸು ಗಿಸ್ಸು ಹತ್ತಿಸಬೇಡಿ!” ಫೋನು ಕಟ್ಟಾಯಿತು.

ಸಾಹೇಬರು ತಮ್ಮ ಫೋನು ತೆಗೆದು, ಕಂಪ್ಯೂಟರ್ ನೋಡಿಕೊಳ್ಳುವ ಸಹಾಯಕನ ನಂಬರು ಒತ್ತಿದರು. ಭಾನುವಾರ ಬೆಳಿಗ್ಗೆ, ಅವನು ಎತ್ತಲಿಲ್ಲ. “ಎಷ್ಟೊತ್ತು? ಅವನು ತಿರುಗಿ ಮಾಡ್ತಾನೆ. ಒಂದು ಮಾತು ಹೇಳಿದ್ರೆ ಐದು ನಿಮಿಷದಲ್ಲಿ ಅಳಿಸಿಹಾಕ್ತಾನೆ,” ಎಂದರು. ಆದರೆ ಮೊದಲಿನ ಗತ್ತು ಆ ಮಾತಿನಲ್ಲಿ ಇರಲಿಲ್ಲ.

“ಅಳಿಸಲಿ,” ಎಂದರು ಡ್ರೈವರು. “ಬರೆದುಕೊಟ್ಟು ಅಳಿಸಿ. ಗಾರೆಯವನ ತಲೇಲಿ ರಕ್ತ ಕಂಡ ದಿನ ಈ ದಾರಿ ಮುಚ್ಚಿಸಿದೆ ಅಂತ ಬರೀರಿ, ಕೆಳಗೆ ನಿಮ್ಮ ಹೆಸರು ಹಾಕಿ.”

ಇಷ್ಟು ಹೊತ್ತು ಡಬ್ಬ ಕೊಟ್ಟುಬಿಡಿ ಎನ್ನುತ್ತಿದ್ದ ಅಕ್ಕ ಸರಸರ ನಡುಮನೆಗೆ ಹೋದಳು. ಬಂದವರೆಲ್ಲ ಕತ್ತು ಚಾಚಿ ನೋಡುತ್ತಿದ್ದಂತೆ ಒಂದು ಹಾಳೆ, ಒಂದು ಪೆನ್ನು ತಂದು ಸಾಹೇಬರ ಎದುರು ಹಿಡಿದಳು. “ಪೆನ್ನು ಬೇಕಾ ಸಾಹೇಬ್ರೆ? ಚೆನ್ನಾಗಿ ಬರೆಯತ್ತೆ.”

ಸಾಹೇಬರು ಪೆನ್ನು ಮುಟ್ಟಲಿಲ್ಲ.

ಹೊರಗೆ ಯಾರೋ ಮಸಣದ ವ್ಯಾನು ಬಂತೆಂದು ಕೂಗಿದರು. ಗಲ್ಲಿ ಕಿರಿದು, ವ್ಯಾನು ಮುಖ್ಯರಸ್ತೆಯಲ್ಲೇ ನಿಲ್ಲಬೇಕು, ಅಲ್ಲಿವರೆಗೆ ಚಟ್ಟ ಹೊತ್ತೇ ನಡೆಯಬೇಕು. ಡ್ರೈವರು ಮುಂದೆ ನಿಂತರು. ಪಕ್ಕದ ಮನೆಯ ಅಣ್ಣತಮ್ಮಂದಿರು ಇಬ್ಬರು ಬಂದರು. ನಾಲ್ಕನೆಯ ಹೆಗಲು ಬೇಕಿತ್ತು. ಉಳಿದವರು ವಯಸ್ಸಾದವರು ಮತ್ತು ಹೆಂಗಸರು. ನರ್ಸು ಮುಂದೆ ಬಂದಳು, ಎತ್ತರ ಸಾಲಲಿಲ್ಲ.

ಡ್ರೈವರು ತಿರುಗಿ ನೋಡಿದರು. “ಸಾಹೇಬ್ರೆ, ಬರೆಯೋದಿಲ್ಲ ತಾನೆ? ಹಾಗಾದ್ರೆ ಬನ್ನಿ. ಹೆಗಲು ಕೊಡಿ.”

ಎಲ್ಲರೂ ಸಾಹೇಬರನ್ನೇ ನೋಡುತ್ತಿದ್ದರು. ಅವರು ಫೋನನ್ನು ಜೇಬಿಗೆ ಹಾಕಿ, ಬೂಟು ಬಿಚ್ಚಿ, ಬಂದು ಚಟ್ಟದ ಬಿದಿರಿನ ಕೆಳಗೆ ಹೆಗಲು ಕೊಟ್ಟರು.

ಹತ್ತು ಹೆಜ್ಜೆ ನಡೆದಿರಲಿಲ್ಲ, ಜೇಬಿನಲ್ಲಿ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು.

“ನಿಮ್ಮ ಸಹಾಯಕ ಇರ್ಬೇಕು. ಬೇಕಾದ್ರೆ ಇಳಿಸ್ತೀವಿ, ಮಾತಾಡಿ,” ಎಂದರು ಡ್ರೈವರು, ತಿರುಗಿ ನೋಡದೆ.

“ಬೇಡ,” ಎಂದರು ಸಾಹೇಬರು. “ನಡೀರಿ.”

ಗಲ್ಲಿಯ ಜನ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಮುಖ್ಯರಸ್ತೆಯವರೆಗೂ ಫೋನು ಒಂದೇ ಸಮ ಕೂಗುತ್ತಿತ್ತು. ಬರಿಗಾಲಿನ ಸಾಹೇಬರ ಎರಡೂ ಕೈ ಬಿದಿರಿನ ಮೇಲಿದ್ದವು.