ತಮ್ಮನ ಗಾಡಿಯ ಉಸಿರು

ಎರಡು ಸಲ ಪೀಂ ಪೀಂ ಅಂದಿತು, ಅದೇ ಹಾರನ್ನು, ಕನ್ನಡಿ ನೋಡುವುದೇ ಬೇಡ, ಮಹಬೂಬನಿಗೆ ಗೊತ್ತು, ಬಲಗಡೆಯಿಂದ ತಮ್ಮನ ಟಿಪ್ಪರು ಬಂದೇ ಬಂತು, ಮೊದಲು ಮೂತಿ, ಆಮೇಲೆ ಬಾಗಿಲು, ಬಾಗಿಲ ಕಿಟಕಿಯೊಳಗೆ ಸ್ಟೇರಿಂಗಿನ ಮೇಲೆ ಉಮರನ ಮೊಣಕೈ, ಮೊಣಕೈಯ ಮೇಲೆ ಆ ನಗು — ಬಾಯಿ ತೆರೆದು ಏನೋ ಅಂದ, ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ, ಕೇಳಿಸದಿದ್ದರೂ ಏನೆಂದು ಗೊತ್ತು, ಭಾಯ್, ನಿಧಾನಕ್ಕೆ ಬಾ, ನಿಧಾನಕ್ಕಂತೆ, ಬೇಕು ಬೇಕೆಂದೇ ನಿಧಾನ ಹೋಗುತ್ತಿರುವ ಹಾಗೆ, ಘಾಟಿ ದಾಟಿ ದೊಡ್ಡಬಳ್ಳಾಪುರದ ಕಡೆ ಬರುವ ಈ ಏರಿನಲ್ಲಿ ಬೆನ್ನ ತುಂಬ ಜಲ್ಲಿ ಹೊತ್ತವನು ಯಾವನು ಸಂತೋಷಕ್ಕೆ ನಿಧಾನ ಹೋಗುತ್ತಾನೆ, ಎರಡನೇ ಗೇರಿಗೆ ಇಳಿಸಿದರೂ ಎಳೆಯುವುದಿಲ್ಲ, ಆಕ್ಸಿಲರೇಟರನ್ನು ನೆಲ ಮುಟ್ಟುವಂತೆ ತುಳಿದರೆ ಬರುವುದು ಶಕ್ತಿಯಲ್ಲ, ಹೊಗೆ, ಕಾಡಿಗೆಯಂಥ ಹೊಗೆ, ಹಿಂದೆ ಬರುತ್ತಿದ್ದ ಬೈಕಿನ ಹೆಂಗಸು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಇವನ ವಂಶಕ್ಕೇ ಶಾಪ ಹಾಕುತ್ತಿರಬೇಕು, ಹಾಕಲಿ, ಅರ್ಧ ಪಾಲು ಉಮರನಿಗೂ ಹೋಗುತ್ತದೆ, ವಂಶ ಒಂದೇ ತಾನೆ. ಗಾಡಿಗಳೂ ಒಂದೇ. ಒಂದೇ ದಿನ, ಒಂದೇ ಶೋರೂಮಿನಿಂದ ತಂದದ್ದು, ಒಂದೇ ಬಣ್ಣ, ಅಮ್ಮಿ ಎರಡರ ಟಯರಿನಡಿಗೂ ಒಂದೇ ಬುಟ್ಟಿಯ ನಿಂಬೆಹಣ್ಣು ಇಟ್ಟಿದ್ದಳು, ಹಾಗಾದರೆ ಅವನದು ಯಾಕೆ ಹೀಗೆ ಏರು ಹತ್ತುತ್ತದೆ, ತನ್ನದು ಯಾಕೆ ಹೀಗೆ ಏದುತ್ತದೆ — ಯಾಕೆ ಅಂತ ಗೊತ್ತು. ಅದೇ ಸಂಕಟ. ಗೊತ್ತು.

ಫಿಲ್ಟರು. ಏರ್ ಫಿಲ್ಟರು. ಕ್ಯಾಬಿನ್ನಿನ ಹಿಂದೆ ಡಬ್ಬಿಯೊಳಗೆ ಕೂತು ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಮಡಿಕೆ ಮಡಿಕೆ ಕಾಗದದ ಟೊಳ್ಳು ಉರುಳೆ, ಕ್ರಷರಿನ ಧೂಳು ತಿಂದು ತಿಂದು ಕಟ್ಟಿಕೊಂಡಿದೆ, ಪೈಪಿನ ಪಕ್ಕದ ಬೆರಳುದ್ದದ ಗಾಜಿನಲ್ಲಿ ಕೆಂಪು ಪಟ್ಟಿ ಬಂದು ಎಷ್ಟೋ ದಿನವಾಯಿತು, ಮೆಕ್ಯಾನಿಕ್ ಕೆಂಪರಾಜು ಆಗಲೇ ಹೇಳಿದ್ದ, ಮಾಬೂಬಣ್ಣ, ಧೂಳು ಕೂತೈತೆ ಅಂತ ಕಣ್ಣಲ್ಲಿ ನೋಡಿ ಬದಲಾಯಿಸೋದಲ್ಲ, ಸುಮ್ಸುಮ್ನೆ ಬಿಚ್ಚಿ ನೋಡೋದೂ ಅಲ್ಲ, ಆ ಗಾಜಲ್ಲಿ ಕೆಂಪು ಬರೋವರ್ಗೂ ಮುಟ್ಬೇಡ, ಬಂದ್ಮೇಲೆ ಬಿಡ್ಬೇಡ, ಅಷ್ಟೇ. ಇವನು ಬದಲಾಯಿಸಲಿಲ್ಲ, ಕೆಂಪು ಬಂದಾಗಲೆಲ್ಲ ಬಿಚ್ಚಿ ಕಂಪ್ರೆಸರಿನ ಗಾಳಿ ಹೊಡೆಸಿದ, ಟಯರಿಗೆ ಬಡಿದು ಕೊಡವಿದ, ಮತ್ತೆ ಹಾಕಿಸಿದ, ಅದು ಪೇಪರ್ ಕಣಣ್ಣ, ಕಂಬಳಿ ಅಲ್ಲ, ಎಷ್ಟು ಸಲ ಅಂತ ಊದಿಸ್ತೀಯಾ, ಅಂತ ಕೆಂಪರಾಜು ಕೈ ಒರೆಸಿಕೊಂಡು ದೂರ ನಿಂತುಬಿಟ್ಟ. ಆವತ್ತೇ ಹೊಸದು ಹಾಕಿಸುತ್ತಿದ್ದ. ಆಣೆಗೂ ಹಾಕಿಸುತ್ತಿದ್ದ, ಹಾಕು ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಟೀ ಲೋಟ ಹಿಡಿದುಕೊಂಡು ಬಂದ ಉಮರ್, ಬಂದವನು ಸುಮ್ಮನಿರಬಹುದಿತ್ತು, ನಾನೂ ಅದನ್ನೇ ಹೇಳಿದ್ದು ಭಾಯ್ ಅಂದ. ನಾನೂ. ಆ ‘ನಾನೂ’ ಒಂದು ಮೀನಿನ ಮುಳ್ಳಿನ ಹಾಗೆ ಗಂಟಲಿಗೆ ಅಡ್ಡ ಬಿತ್ತು, ಇನ್ನು ಹಾಕಿಸಿದರೆ ಅದು ಉಮರ್ ಹೇಳಿ ಹಾಕಿಸಿದ ಫಿಲ್ಟರು, ಗಾಡಿ ಚೆನ್ನಾಗಿ ಎಳೆದರೆ ಉಮರ್ ದೆಸೆಯಿಂದ ಎಳೆದ ಗಾಡಿ, ಊದು ಕೆಂಪರಾಜು, ಇನ್ನೂ ಓಡ್ತದೆ, ಅಂದುಬಿಟ್ಟ, ತನ್ನ ದನಿ ತನಗೇ ಒರಟಾಗಿ ಕೇಳಿಸಿತು, ಮನೆಯಲ್ಲಿ ಖುರ್ಷಿದ್ ಕೂಡ, ಕಟ್ಟಿಕೊಂಡ ಹೆಂಡತಿ ಕೂಡ, ಹೋಗ್ಲಿ ಬಿಡಿ, ಅವನು ಹೇಳಿದ ಹಂಗೆ ಒಂದು ಫಿಲ್ಟರ್ ಹಾಕಿಸಿದ್ರೆ ನಿಮ್ಮ ಕಿರೀಟ ಏನು ಬಿದ್ದೋಗ್ತದಾ ಅಂದಳು, ನೋಡು, ಅವಳ ಬಾಯಲ್ಲೂ ‘ಅವನು ಹೇಳಿದ ಹಂಗೆ’.

ಅವನು ಹೇಳಿದ ಹಾಗೆಯೇ ಆಗುತ್ತಾ ಬಂದಿದೆ ಎಲ್ಲ, ಮಗಳಿಗೆ ಅಮ್ರೀನ್ ಎಂದು ಹೆಸರಿಟ್ಟವನೂ ಅವನೇ, ಆಗಿನ್ನೂ ಮೀಸೆ ಮೂಡದ ಹುಡುಗ, ಆಸ್ಪತ್ರೆಯಲ್ಲಿ ಬಟ್ಟೆಯ ಗಂಟಿನಂತಿದ್ದ ಕೂಸನ್ನು ಎತ್ತಿಕೊಂಡು ಅಮ್ರೀನ್ ಅಂದ, ಎಲ್ಲರೂ ಹೌದು ಹೌದು ಅಂದರು, ಮಹಬೂಬ್ ಬೇರೆ ಒಂದು ಹೆಸರು ಇಟ್ಟುಕೊಂಡಿದ್ದ ಮನಸ್ಸಿನಲ್ಲಿ, ಯಾರೂ ಕೇಳಲಿಲ್ಲ, ಈಗ ಅವನಿಗೂ ನೆನಪಿಲ್ಲ ಅದು. ಅವರ ಅಬ್ಬಾ ಲಾರಿ ಓಡಿಸುತ್ತಿದ್ದಾಗ ತೊಡೆಯ ಮೇಲೆ ಉಮರನನ್ನು ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸುತ್ತಿದ್ದ, ಚಿಕ್ಕವನು, ಕಾಲು ಎಟುಕದು, ಅದಕ್ಕೆ ತೊಡೆ, ದೊಡ್ಡವನಿಗೆ ಕಾಲು ಇದೆಯಲ್ಲ, ಅದಕ್ಕೆ, ಮಹಬೂಬ್, ಇಳಿದು ಟಯರಿಗೆ ಕಲ್ಲು ಕೊಡೋ, ಮಳೆಯಾದರೂ ಬಿಸಿಲಾದರೂ ಇಳಿದು ಕಲ್ಲು ಕೊಡುವುದೇ, ಕಲ್ಲು ಕೊಟ್ಟು ತಲೆ ಎತ್ತಿದರೆ ಮೇಲೆ ಕಿಟಕಿಯಲ್ಲಿ ಉಮರನ ಮುಖ, ಇಡೀ ಲಾರಿಯನ್ನು ತಾನೇ ನಿಲ್ಲಿಸಿದೆನೆಂಬ ಖುಷಿ ಆ ಮುಖದಲ್ಲಿ. ಅಮ್ಮಿ ಇರುವುದು ಮಹಬೂಬನ ಮನೆಯಲ್ಲಿ, ಬಿಪಿ ಮಾತ್ರೆ ತಂದುಕೊಡುವವನು ಮಹಬೂಬ್, ಮಂಡಿಗೆ ಎಣ್ಣೆ ಬಿಸಿ ಮಾಡುವವಳು ಖುರ್ಷಿದ್, ಸಾಯಂಕಾಲ ಬೀದಿಯ ಕೊನೆಯಲ್ಲಿ ಉಮರನ ಗಾಡಿ ಸದ್ದಾದರೆ ಸಾಕು, ಅಮ್ಮಿ ತಸ್ಬಿ ಮಣಿ ಎಣಿಸುವುದನ್ನು ನಿಲ್ಲಿಸಿ ಉಮರ್ ಬಂದ ಅನ್ನುತ್ತಾಳೆ, ಉಮರ್ ಬಂದ, ಅವನಿಗೆ ಸಾರಲ್ಲಿನ ನಲ್ಲಿ ಮೂಳೆ ಎತ್ತಿಟ್ಟಿದೀಯಾ ಖುರ್ಷಿದ್. ಮಹಬೂಬನ ಗಾಡಿ ಬಂದರೆ — ಒಮ್ಮೆ ಅವನೇ ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಾ ಕೇಳಿಸಿಕೊಂಡ — ಯಾರದೋ ಲಾರಿ ಬಂತು ನೋಡಮ್ಮ. ಯಾರದೋ. ಬೈದರೂ ಸಹಿಸಬಹುದಿತ್ತು, ಬೈಗುಳದಲ್ಲಿ ಹೆಸರಾದರೂ ಇರುತ್ತದೆ.

ಏರು ಮುಗಿಯಿತು, ಇಂಜಿನ್ನಿನ ಕೆಮ್ಮು ನಿಂತಿತು, ಮುನಿಗಂಗಮ್ಮನ ಹೋಟೆಲ್ಲಿನ ಮುಂದೆ ಹೊಂಗೆಮರದ ನೆರಳಿನಲ್ಲಿ ಉಮರನ ಗಾಡಿ ಆಗಲೇ ತಣ್ಣಗೆ ನಿಂತಿದೆ, ನೆರಳೂ ಅವನಿಗೇ, ಉಳಿದದ್ದು ಬಿಸಿಲು, ಮಹಬೂಬ್ ಬಿಸಿಲಿನಲ್ಲಿ ಅದರ ಪಕ್ಕಕ್ಕೇ ತಂದು ನಿಲ್ಲಿಸಿದ. ಉಮರ್ ಕೊಳಾಯಿಯಲ್ಲಿ ಕೈಕಾಲು ತೊಳೆದುಕೊಂಡು, ಗಡ್ಡದಿಂದ ನೀರು ತೊಟ್ಟಿಕ್ಕಿಸುತ್ತಾ ಬಂದ, ಮುದ್ದೆ ಬಸ್ಸಾರಿಗೆ ಹೇಳಿದೀನಿ ಭಾಯ್, ಮೊದ್ಲು ನಮಾಜ್ ಮುಗಿಸ್ಕೊಳ್ಳೋಣ ಬಾ. ನಡಿ, ಟಯರ್ ನೋಡ್ಕೊಂಡು ಬರ್ತೀನಿ. ಉಮರ್ ಚಾಪೆ ಹಿಡಿದು ಹೋಟೆಲಿನ ಹಿಂದಕ್ಕೆ ಹೋದ, ಮಹಬೂಬ್ ಟಯರು ನೋಡಿದ, ನಿಜವಾಗಿಯೂ ಟಯರನ್ನೇ ನೋಡಿದ, ಆಮೇಲೆ ಕಣ್ಣು ಮೇಲಕ್ಕೆ ಹೋಯಿತು, ತಮ್ಮನ ಗಾಡಿಯ ಡಬ್ಬಿಯ ಪಕ್ಕದ ಗಾಜು ನೀರಿನಂತೆ ತಿಳಿಯಾಗಿತ್ತು, ಕೆಂಪಿನ ಸುಳಿವಿಲ್ಲ, ಸುಮ್ಮನೆ ನೋಡೋಣ, ಹೇಗಿದೆ ಅಂತ ನೋಡಿದರೆ ತಪ್ಪೇನು, ಮೇಲೆ ಹತ್ತಿದ, ಕ್ಲಿಪ್ಪುಗಳು ಟಪ್ ಟಪ್ ಎಂದು ಬಿಟ್ಟುಕೊಂಡವು, ಮುಚ್ಚಳ ತೆಗೆದರೆ ಒಳಗೆ ಅದು, ಹೊಸದು, ಅಂಚಿಗೆ ನೀಲಿ ರಬ್ಬರು, ಮಡಿಕೆಗಳು ಶಾಲೆ ಶುರುವಾದ ದಿನದ ಪುಸ್ತಕದ ಹಾಳೆಗಳಂತೆ ಬಿಡಿ ಬಿಡಿ, ಕೈಗೆ ಬಂದಾಗ ಎಷ್ಟು ಹಗುರ, ತನ್ನದನ್ನೂ ತೆಗೆದು ಪಕ್ಕದಲ್ಲಿ ಹಿಡಿದ, ಕರಿ ರಬ್ಬರು, ಬೂದಿ ಬಣ್ಣದ ಮಡಿಕೆ, ಸುಮ್ಮನೆ ತೂಗಿ ನೋಡಲು, ಬಲಗೈಯಲ್ಲಿ ಒಂದು ಎಡಗೈಯಲ್ಲಿ ಒಂದು — ಇಲ್ಲ, ಅವನು ನಿರ್ಧಾರ ಮಾಡಲಿಲ್ಲ, ಯಾವ ಗಳಿಗೆಯಲ್ಲೂ ಮಾಡೋಣ ಎಂದು ಅಂದುಕೊಳ್ಳಲಿಲ್ಲ, ಕೈಗಳು ನೀಲಿಯದನ್ನು ತನ್ನ ಗಾಡಿಗೂ ಕರಿಯದನ್ನು ತಮ್ಮನ ಗಾಡಿಗೂ ಹಾಕಿದವು, ಅಷ್ಟೇ, ನಲ್ಲಿ ಮೂಳೆ, ತೊಡೆ, ನೆರಳು, ಹೆಸರು, ಅಷ್ಟೆಲ್ಲ ಅವನಿಗೆ, ಇದೊಂದು ನನಗೆ, ಒಂದೇ ಒಂದು ದಿನ ನನ್ನ ಗಾಡಿ ಮುಂದಿರಲಿ, ನಾಳೆ ತಿರುಗಿ ಹಾಕಿದರಾಯಿತು. ಗೋಡೆಯಾಚೆ ಉಮರ್ ಸಜ್ದಾಕ್ಕೆ ಹೋಗಿರಬೇಕು, ಹಣೆ ನೆಲಕ್ಕೆ ಇಟ್ಟಿರಬೇಕು. ಮಹಬೂಬ್ ತನ್ನ ಪೈಪಿನ ಪಕ್ಕದ ಗುಂಡಿ ಒತ್ತಿದ, ಕೆಂಪು ಪಟ್ಟಿ ಸರಕ್ಕನೆ ಒಳಗೆ ಸರಿಯಿತು, ಅದೇ ಹೊತ್ತಿಗೆ, ಮಾಬೂಬಣ್ಣೋ, ಮುದ್ದೆ ಆರೋಗ್ತದೆ ಬಾರಪ್ಪೋ, ಮುನಿಗಂಗಮ್ಮನ ದನಿ, ತನ್ನ ಗಾಡಿಯ ಮುಚ್ಚಳ ಅವಸರದಲ್ಲಿ ಒತ್ತಿ ಇಳಿದುಬಿಟ್ಟ.

ಊಟಕ್ಕೆ ಉಮರನ ಪಕ್ಕದಲ್ಲೇ ಕೂತ, ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ, ಉಮರ್ ತನ್ನ ತಟ್ಟೆಯ ಈರುಳ್ಳಿಯನ್ನು ಕೇಳದೆಯೇ ಅಣ್ಣನ ತಟ್ಟೆಗೆ ಹಾಕಿದ, ನಿಂಗೆ ಇಷ್ಟ ಅಲ್ವಾ ಭಾಯ್, ಇಷ್ಟ, ಇಷ್ಟವೇ, ಅದಕ್ಕೇನೀಗ, ಇಷ್ಟವೆಂದು ನೆನಪಿಟ್ಟುಕೊಳ್ಳುವುದರಲ್ಲೂ ಇವನೇ ಮುಂದೆ, ಇವನಿಗೆ ಏನು ಇಷ್ಟವೆಂದು ಕೇಳಿದರೆ ತನಗೆ ತಟ್ಟನೆ ಹೇಳಲು ಬರುತ್ತದೆಯೇ, ಬರುವುದಿಲ್ಲ, ಅದೂ ಅವನ ತಪ್ಪೇ. ಎದ್ದರು, ಕೈ ತೊಳೆದರು, ನೀನು ನಡಿ ಮುಂದೆ, ಅಂದ ಮಹಬೂಬ್, ದೇವನಹಳ್ಳಿಯ ಲೇಔಟಿಗೆ ಲೋಡು, ಹೋಟೆಲ್ಲು ದಾಟಿದೊಡನೆ ಇನ್ನೊಂದು ಏರು, ಈ ಏರನ್ನು ಹಿಂದಿನಿಂದ ನೋಡಬೇಕಿತ್ತು ಅವನಿಗೆ. ನೋಡಿದ. ಉಮರನ ಗಾಡಿ ಏರಿನ ಬುಡದಲ್ಲೇ ತಡವರಿಸಿತು, ಒಂದು ಗೇರು ಇಳಿಯಿತು, ಇನ್ನೊಂದು ಇಳಿಯಿತು, ಹೊಗೆ, ಕಾಡಿಗೆಯಂಥ ಹೊಗೆ, ಮತ್ತು ತನ್ನ ಕಾಲಡಿಯಲ್ಲಿ — ಅಲ್ಲಾ, ಎಷ್ಟು ದಿನವಾಗಿತ್ತು — ಗಾಡಿ ಹಿಡಿದುಕೊಂಡ ಉಸಿರನ್ನು ಬಿಟ್ಟ ಹಾಗೆ ಎದ್ದಿತು, ಮೂರನೇ ಗೇರಿನಲ್ಲೇ ಎಳೆಯಿತು, ಇವನು ತುಳಿಯುವ ಮೊದಲೇ ಎಳೆಯಿತು, ಬಲಕ್ಕೆ ತಿರುಗಿಸಿದ, ಮೂತಿ, ಬಾಗಿಲು, ಈಗ ನೋಡಲಿ, ಈಗ ಆ ಮುಖ ಹೇಗಾಗುತ್ತದೆ ನೋಡಬೇಕು, ಆ ಮುಖ ಸಣ್ಣದಾಗುವುದನ್ನು ಒಂದೇ ಒಂದು ಸಲ, ಕತ್ತು ತಿರುಗಿಸಿದ, ಉಮರ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ನಗುತ್ತಿದ್ದ, ಬಾಗಿಲ ತಗಡನ್ನು ಅಂಗೈಯಿಂದ ದಬದಬ ಬಡಿಯುತ್ತಿದ್ದ, ಭೇಷ್ ಭಾಯ್, ಭೇಷ್! ಖುಷಿ. ಬರಿಯ ಖುಷಿ. ಹುಳಿಯ ಒಂದು ಹನಿಯೂ ಇಲ್ಲದ್ದು. ತಾನು ಹಿಂದೆ ಬಿದ್ದೆನೆಂದು ಅವನಿಗೆ ಹೊಳೆಯಲೇ ಇಲ್ಲ, ಅಣ್ಣ ಮುಂದೆ ಹೋದನೆಂದಷ್ಟೇ ಹೊಳೆಯಿತು, ಇಂಥವನ ಮೇಲೆ ಗೆಲ್ಲುವುದಾದರೂ ಹೇಗೆ.

ಏರಿನ ನೆತ್ತಿಯಲ್ಲಿ ಹಿಂದಿನಿಂದ ಉಮರ್ ಲೈಟು ಮಿಣುಕಿಸಿದ, ನಿಲ್ಲದೆ ಹೋಗಿದ್ದರೆ ಅನುಮಾನ, ಮಹಬೂಬ್ ನಿಂತ. ಉಮರ್ ಇಳಿದು ಬಂದ, ಹಾಕಿಸ್ಬಿಟ್ಯಲ್ಲ ಭಾಯ್ ಹೊಸಾದು, ಹೇಳಲೇ ಇಲ್ಲ, ಎಷ್ಟು ಚೆನ್ನಾಗಿ ಎಳೀತು, ನಂದಕ್ಕೇ ಇವತ್ತು ಏನಾಯ್ತೋ, ಇರು ನೋಡ್ಬಿಡ್ತೀನಿ ಅನ್ನುತ್ತಾ ತನ್ನ ಗಾಡಿಯ ಮೇಲೆ ಹತ್ತಿದ, ಮಹಬೂಬ್ ಹಿಂದೆಯೇ ಇಳಿದು ಹೋಗಿ ಕೆಳಗೆ ನಿಂತ, ಬೇಡ ಅನ್ನಬೇಕಿತ್ತು, ಊರಿಗೆ ಹೋಗಿ ನೋಡು ಅನ್ನಬೇಕಿತ್ತು, ಟಪ್, ಟಪ್, ಮುಚ್ಚಳ ಬಂತು, ಉಮರ್ ಕೈ ಹಾಕಿ ಎಳೆದ, ಬಂದದ್ದನ್ನು ನೋಡಿದ. ಕರಿ ರಬ್ಬರನ್ನು ಹೆಬ್ಬೆರಳಿನಿಂದ ಸವರಿದ. ತಾನೇ ತನ್ನ ಕೈಯಾರೆ ನೀಲಿಯದನ್ನು ಹಾಕಿದವನು, ಮರೆಯುತ್ತಾನೆಯೇ. ತಲೆ ಎತ್ತಲಿಲ್ಲ. ಅದನ್ನು ಸೂರ್ಯನ ಕಡೆಗೆ ಎತ್ತಿ ಹಿಡಿದು, ಉರುಳೆಯ ಬಾಯಿಗೆ ಮುಖ ತಂದು, ನಿಧಾನವಾಗಿ ತಿರುಗಿಸತೊಡಗಿದ, ಮುಖವೆಲ್ಲ ನೆರಳು, ತಿರುಗಿಸುತ್ತಾ ತಿರುಗಿಸುತ್ತಾ ಒಂದು ಕಡೆ ಕೈ ನಿಂತಿತು, ಕಾಗದದ ಯಾವುದೋ ಮಡಿಕೆಯಲ್ಲಿ ಗಾಳಿ ಹೊಡೆದು ಹೊಡೆದು ಆದ ಸೂಜಿಮೊನೆಯ ತೂತು, ಅದರಿಂದ ತೂರಿ ಬಂದ ಬಿಸಿಲು ಉಮರನ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಒಂದು ಸಾಸಿವೆ ಕಾಳಿನಷ್ಟು ಚುಕ್ಕೆಯಾಗಿ ಕೂತಿತು. ತೂತಾಗಿದೆ ಭಾಯ್. ಅಷ್ಟೇ ಅಂದ. ಇದರಲ್ಲಿ ಓಡಿಸಿದ್ರೆ ಧೂಳೆಲ್ಲಾ ಇಂಜಿನ್ನಿಗೇ ಹೋಗ್ತಿತ್ತು. ಯಾರ ಇಂಜಿನ್ನಿಗೆ ಅನ್ನಲಿಲ್ಲ, ಯಾರು ಹಾಕಿದ್ದು ಅನ್ನಲಿಲ್ಲ, ಇಳಿದು ಮಹಬೂಬನ ಗಾಡಿಯ ಹತ್ತಿರ ಬಂದ, ಮೇಲೆ ಹತ್ತಿ, ಅವಸರದಲ್ಲಿ ಬಿಟ್ಟಿದ್ದ ಒಂದು ಕ್ಲಿಪ್ಪು ಜೋತಾಡುತ್ತಿತ್ತು, ಅದನ್ನು ಟಪ್ ಎಂದು ಒತ್ತಿ ಕೂರಿಸಿದ. ಕ್ಲಿಪ್ ಸರಿಯಾಗಿ ಕೂತಿರ್ಲಿಲ್ಲ ಭಾಯ್. ನೀನು ಹೊರಡು, ಲೇಔಟ್‌ನೋರು ಕಾಯ್ತಿರ್ತಾರೆ, ಕೆಂಪರಾಜುಗೆ ಫೋನ್ ಮಾಡ್ತೀನಿ, ಹೊಸಾದು ತರ್ತಾನೆ.

ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ, ಥೂ ಅಂದಿದ್ದರೆ ಸರಿಸಮ ಆಗುತ್ತಿತ್ತು, ಇಬ್ಬರೂ ಒಂದೇ ಮಟ್ಟದ ನೆಲದ ಮೇಲೆ ನಿಲ್ಲುತ್ತಿದ್ದರು, ಇದನ್ನೂ ಅವನೇ ತಗೊಂಡ, ಬಾಯಿ ಮುಚ್ಚಿಕೊಂಡಿರುವ ದೊಡ್ಡತನವನ್ನೂ ಅವನೇ ಹೊತ್ತುಕೊಂಡ, ಅದನ್ನಾದರೂ ಅಣ್ಣನಿಗೆ ಬಿಡಬಾರದಿತ್ತೇ, ತಗೋ ನಿನ್ನದು, ಎಂದು ನೀಲಿಯದನ್ನು ಬಿಚ್ಚಿ ಕೊಟ್ಟುಬಿಡಲೇ, ಕ್ಯಾಬಿನ್ನಿಗೆ ಹತ್ತಿ ಕೂತ ಮೇಲೂ ಬಾಗಿಲ ಹಿಡಿಯವರೆಗೆ ಹೋದ ಕೈ ಅಲ್ಲೇ ಉಳಿಯಿತು, ಕೊಟ್ಟರೆ ಒಪ್ಪಿಕೊಂಡ ಹಾಗೆ, ಕೊಡದಿದ್ದರೆ, ಕೊಡದಿದ್ದರೂ ಅವನಿಗೆ ಗೊತ್ತು, ಕೀ ತಿರುಗಿತು, ಗಾಡಿ ಹೊರಟಿತು, ಇಳಿಜಾರು, ಆಮೇಲೆ ಸಮ ರಸ್ತೆ, ಎಷ್ಟು ಸಲೀಸು, ತುಳಿದಷ್ಟೂ ಓಡುತ್ತದೆ, ಮುಂದೆ ಒಂದು ಗಾಡಿಯೂ ಇಲ್ಲ, ಇದೇ ಬೇಕಿತ್ತಲ್ಲ, ಇದೇ, ರಸ್ತೆಯೆಲ್ಲ ಅವನದೇ, ಕನ್ನಡಿಯಲ್ಲಿ ಉಮರ್ ರಸ್ತೆಯ ಅಂಚಿನಲ್ಲಿ ಫೋನು ಕಿವಿಗಿಟ್ಟು ನಿಂತಿದ್ದಾನೆ, ಇನ್ನೊಂದು ಕೈಯಲ್ಲಿ ಅದು, ಚಿಕ್ಕವನಾದ, ಇನ್ನೂ ಚಿಕ್ಕವನಾದ, ತಿರುವಿನಲ್ಲಿ ಕಾಣದಾದ, ಇಷ್ಟು ದೂರದಿಂದ ಆ ಚುಕ್ಕೆ ಕಾಣಲು ಸಾಧ್ಯವೇ ಇಲ್ಲ, ಆದರೂ ಕನ್ನಡಿಯಲ್ಲಿ ಚುಕ್ಕೆ, ಕಣ್ಣು ಕಿತ್ತು ರಸ್ತೆಯ ಮೇಲಿಟ್ಟರೆ ಟಾರಿನ ಮೇಲೆ ಚುಕ್ಕೆ, ಅಮ್ಮಿ ಕೇಳುತ್ತಾಳೆ, ಉಮರ್ ಎಲ್ಲಿ, ಹಿಂದೆ ಬರ್ತಿದಾನೆ ಅಂತ ಹೇಳಬೇಕು, ಹಿಂದೆ ಬರ್ತಿದಾನೆ, ಬರ್ತಿದಾನೆ, ಕೆನ್ನೆ, ಕಣ್ಣಿನ ಕೆಳಗೆ, ಸಾಸಿವೆ ಕಾಳಿನಷ್ಟು ಬಿಸಿಲು, ಅಲುಗದೆ.